ಪಾತ್ರೆ ತೊಳೆಯುತ್ತಾ ಕೇಳಿದ ಪುಸ್ತಕ: ಸಿಡ್ನಿ ಪ್ವಾಟಿಯೇ ಕಥೆ, ಅವರದೇ ದನಿಯಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಆಡಿಯೊ ಪುಸ್ತಕಗಳ ಗಿರಾಕಿ ಅಲ್ಲ. ಯಾರೋ ಓದುತ್ತಾ ಹೋಗುವುದು, ನಾನು ಕೇಳುತ್ತಾ ಕೂರುವುದು ಅಂದರೆ ಹತ್ತು ನಿಮಿಷಕ್ಕೆ ತೂಕಡಿಕೆ ಬರುತ್ತದೆ. ಆದರೆ ಹೋದ ತಿಂಗಳು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋದರು. ಮೂರು ವಾರ. ಬೆಳಗಿನ ಪಾತ್ರೆ ಹೆಂಡತಿಗೆ, ರಾತ್ರಿಯದು ನನಗೆ ಅಂತ ಹಂಚಿಕೆ ಆಯಿತು. ರಾತ್ರಿಯದೇ ಜಾಸ್ತಿ ಇರುತ್ತದೆ ಅನ್ನುವುದು ಒಪ್ಪಿಕೊಂಡ ಮೇಲೆ ಗೊತ್ತಾಯಿತು. ಕುಕ್ಕರ್, ಸಾರಿನ ಪಾತ್ರೆ, ಮುದ್ದೆ ತಿರುವಿದ ತಪ್ಪಲೆ, ತಳ ಹತ್ತಿದ ಹಾಲಿನ ಪಾತ್ರೆ. ಸಿಂಕ್ ಮುಂದೆ ಮುಕ್ಕಾಲು ಗಂಟೆ ಸುಮ್ನೆ ನಿಲ್ಲುವ ಬದಲು ಏನಾದರೂ ಕೇಳೋಣ ಅಂತ ಕೊಂಡದ್ದು ‘ದ ಮೆಷರ್ ಆಫ್ ಎ ಮ್ಯಾನ್’. ಹಾಲಿವುಡ್ ನಟ ಸಿಡ್ನಿ ಪ್ವಾಟಿಯೇ 2000ದಲ್ಲಿ ತಂದ ಆತ್ಮಕಥೆ. ಓದಿರುವುದೂ ಅವರೇ.

ಪಾತ್ರೆ ತೊಳೆಯುತ್ತಾ ಕೇಳಲು ಇದಕ್ಕಿಂತ ಸರಿಯಾದ ಪುಸ್ತಕ ಇಲ್ಲ ಅಂತ ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ. ಯಾಕೆಂದರೆ ನ್ಯೂಯಾರ್ಕಿಗೆ ಬಂದ ಹೊಸದರಲ್ಲಿ ಈ ಮನುಷ್ಯ ಹೊಟ್ಟೆ ಹೊರೆದದ್ದೇ ಹೋಟೆಲುಗಳಲ್ಲಿ ಪಾತ್ರೆ ತೊಳೆದು.

ಹೆಸರಿನ ವಿಷಯ ಮುಗಿಸಿಬಿಡೋಣ. ಇಷ್ಟು ವರ್ಷ ನಾನು ಪಾಯ್ಟಿಯರ್ ಅಂತಲೇ ಹೇಳುತ್ತಿದ್ದೆ, ಇಂಗ್ಲಿಷ್ ಅಕ್ಷರ ನೋಡಿದರೆ ಬಾಯಿಗೆ ಬರುವುದು ಹಾಗೇ. ಸರಿಯಾದ ಉಚ್ಚಾರ ಪ್ವಾಟಿಯೇ ಅನ್ನುವುದಕ್ಕೆ ಹತ್ತಿರ. ಅವರ ಪರಿಚಯ ಬೇಕಾದವರಿಗೆ ಇಷ್ಟು ಸಾಕು: 1964ರ ಏಪ್ರಿಲ್ 13ರ ರಾತ್ರಿ ‘ಲಿಲೀಸ್ ಆಫ್ ದ ಫೀಲ್ಡ್’ ಚಿತ್ರಕ್ಕೆ ಶ್ರೇಷ್ಠ ನಟ ಆಸ್ಕರ್ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ನಟ. ಅದಕ್ಕೂ 24 ವರ್ಷ ಮುಂಚೆ, 1940ರಲ್ಲಿ, ಕಪ್ಪು ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್ ಪೋಷಕ ನಟಿ ಆಸ್ಕರ್ ಗೆದ್ದಿದ್ದರು. ಆ ರಾತ್ರಿ ಪ್ರಶಸ್ತಿ ಪಡೆಯಬೇಕಾದವರನ್ನೇ ಹೋಟೆಲಿನ ಸಭಾಂಗಣದಲ್ಲಿ ಜೊತೆಯ ಕಲಾವಿದರಿಂದ ಬೇರೆ ಮಾಡಿ ಗೋಡೆ ಪಕ್ಕದ ಮೇಜಿನಲ್ಲಿ ಕೂರಿಸಿದ್ದರು. ಅಂಥ ಹಾಲಿವುಡ್ಡಿನಲ್ಲಿ ಈ ಮನುಷ್ಯ ಮುಖ್ಯ ಪಾತ್ರ ಮಾಡಿಕೊಂಡು ನಿಂತರು. 2022ರ ಜನವರಿ 6ರಂದು ತೀರಿಕೊಂಡಾಗ ಅವರಿಗೆ 94.

ಪುಸ್ತಕ ಶುರುವಾಗುವ ರೀತಿ ನನಗೆ ತುಂಬಾ ಹಿಡಿಸಿತು. ದೊಡ್ಡ ಸ್ಟಾರ್, ಆಸ್ಕರ್ ರಾತ್ರಿಯಿಂದ ಶುರು ಮಾಡಬಹುದಿತ್ತು ಅಲ್ವಾ? ಮಾಡುವುದಿಲ್ಲ. ರಾತ್ರಿ ನಿದ್ದೆ ಬಾರದೆ ಹಾಸಿಗೆಯಲ್ಲಿ ಬಿದ್ದುಕೊಂಡು ರಿಮೋಟ್ ಒತ್ತುತ್ತಾ ಚಾನೆಲ್ 1ರಿಂದ 97ರ ತನಕ ಹೋಗುತ್ತಾರೆ, ನೋಡುವಂಥದ್ದು ಒಂದೂ ಇಲ್ಲ ಅಂತ ಗೊಣಗುತ್ತಾರೆ. ನಮ್ಮ ಮನೆಯಲ್ಲಿ ನಮ್ಮಪ್ಪ ಮಾಡುವುದೂ ಅದೇ. ಆ ಗೊಣಗಾಟದಿಂದ ಮೆಲ್ಲಗೆ ಬಹಾಮಾಸ್‌ನ ಕ್ಯಾಟ್ ಐಲ್ಯಾಂಡ್ ಎಂಬ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ಕರೆಂಟಿಲ್ಲ, ನಲ್ಲಿ ಇಲ್ಲ, ಕಾರಿಲ್ಲ. ಅಪ್ಪ ರೆಜಿನಾಲ್ಡ್, ಅಮ್ಮ ಎವ್ಲಿನ್, ಟೊಮೇಟೊ ಬೆಳೆಯುವ ರೈತರು. ಟೊಮೇಟೊ ಮಾರಲು ಮಯಾಮಿಗೆ ಹೋಗಿದ್ದಾಗ, 1927ರ ಫೆಬ್ರವರಿ 20ರಂದು, ದಿನ ತುಂಬುವ ಮುಂಚೆಯೇ ಹುಟ್ಟಿದ ಮಗು ಇದು. ಉಳಿಯುವುದಿಲ್ಲ ಅಂತ ಅಪ್ಪ ಹೂಳಲಿಕ್ಕೆ ಒಂದು ಶೂ ಡಬ್ಬಿ ತಂದಿಟ್ಟಿದ್ದರಂತೆ. ಅಮ್ಮ ಕೇಳಲಿಲ್ಲ, ಕಣಿ ಹೇಳುವ ಹೆಂಗಸಿನ ಹತ್ತಿರ ಹೋದಳು. ಮಗು ಉಳಿಯುತ್ತದೆ, ರಾಜರ ಜೊತೆ ನಡೆಯುತ್ತದೆ ಅಂದಳಂತೆ ಆ ಹೆಂಗಸು.

ಆ ಊರಿನವರ ಟೊಮೇಟೊ ವ್ಯಾಪಾರ ಕೆಟ್ಟಿತು. ಫ್ಲಾರಿಡಾದವರು ಬಹಾಮಾಸ್ ಟೊಮೇಟೊ ಬೇಡ ಅಂದರು, ಅಷ್ಟೇ. ಟೊಮೇಟೊ ಬೆಲೆ ಬಿದ್ದು ರಸ್ತೆಗೆ ಸುರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯವರೆಲ್ಲ ನಾಸೌ ಪಟ್ಟಣಕ್ಕೆ ಬಂದರು, ಹುಡುಗನಿಗೆ ಆಗ ಹತ್ತು ವರ್ಷ. ಕಾರು ನೋಡಿದ್ದು ಅಲ್ಲಿಯೇ, ಸಿನಿಮಾ ನೋಡಿದ್ದೂ ಅಲ್ಲಿಯೇ. ಮೊದಲ ಸಿನಿಮಾ ನೋಡಿದ ಕಥೆಯನ್ನು ಅವರು ಹಲವು ಕಡೆ ಹೇಳಿದ್ದಾರೆ: ಪರದೆ ಮೇಲೆ ಕೌಬಾಯ್‌ಗಳು, ದನಗಳು. ಆಟ ಮುಗಿದ ಕೂಡಲೇ ಹುಡುಗ ಟಾಕೀಸಿನ ಹಿಂದುಗಡೆಗೆ ಓಡಿದ, ಅಷ್ಟೂ ದನ ಹಿಂದಿನ ಬಾಗಿಲಿಂದ ಹೊರಗೆ ಬರಬೇಕಲ್ಲ ಅಂತ ಕಾದು ನಿಂತ.

ಹದಿನೈದಕ್ಕೆ ಮಯಾಮಿಯ ಅಣ್ಣನ ಮನೆ. ಅಲ್ಲಿ ಒಂದು ಬಿಳಿಯರ ಮನೆಗೆ ಪಾರ್ಸೆಲ್ ಕೊಡಲು ಮುಂಬಾಗಿಲಿಗೆ ಹೋದ, ಹಿಂಬಾಗಿಲಿಗೆ ಬಾ ಅಂದರು. ಇಲ್ಲೇ ಇದ್ದೀರಲ್ಲ, ತಗೊಳ್ಳಿ ಅಂದ. ದ್ವೀಪದಲ್ಲಿ ಬೆಳೆದವನಿಗೆ ಹಿಂಬಾಗಿಲಿನ ಕಾನೂನು ಗೊತ್ತಿಲ್ಲ. ಆಮೇಲೆ, ಕಪ್ಪು ಜನರ ಮೇಲೆ ದಾಳಿ ಮಾಡುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಹುಡುಕಿಕೊಂಡು ಅಣ್ಣನ ಮನೆಗೇ ಬಂದರು. ಈ ಒಂದು ವಿಷಯ ನನಗೆ ಪುಸ್ತಕದ ಉದ್ದಕ್ಕೂ ಮತ್ತೆ ಮತ್ತೆ ಕಂಡಿತು. ಕಪ್ಪು ಜನರೇ ಜಾಸ್ತಿ ಇದ್ದ ಊರಲ್ಲಿ ಬೆಳೆದದ್ದರಿಂದ ತನ್ನನ್ನು ಕೀಳು ಅಂತ ಭಾವಿಸುವ ಅಭ್ಯಾಸವೇ ಆ ಹುಡುಗನಿಗೆ ಆಗಿರಲಿಲ್ಲ. ಅಮೆರಿಕಕ್ಕೆ ಬಂದು ಆ ಪಾಠ ಹೇಳಿಕೊಡಲು ಬಂದವರಿಗೆಲ್ಲ ಹೊತ್ತು ಮೀರಿತ್ತು.

ಈಗ ದನಿಯ ವಿಷಯ. ಈ ಆಡಿಯೊಗೆ ದುಡ್ಡು ಕೊಡಬೇಕಾದದ್ದೇ ಅದಕ್ಕೆ.

ಎರಡನೇ ಮಹಾಯುದ್ಧದ ಕೊನೆಯ ಹೊತ್ತು, ನ್ಯೂಯಾರ್ಕಿನಲ್ಲಿ ಕಪ್ಪು ಜನರೇ ಹೆಚ್ಚಿದ್ದ ಹಾರ್ಲೆಮ್ ಬಡಾವಣೆ. ಪಾತ್ರೆ ತೊಳೆಯುವ ಕೆಲಸ ಎಲ್ಲಿದೆ ಅಂತ ಪತ್ರಿಕೆಯ ಜಾಹೀರಾತು ನೋಡುತ್ತಿದ್ದ ಹುಡುಗನಿಗೆ ‘ನಟರು ಬೇಕಾಗಿದ್ದಾರೆ’ ಅನ್ನುವ ಸಾಲು ಕಣ್ಣಿಗೆ ಬಿತ್ತು. ಪಾತ್ರೆ ತೊಳೆಯುವವರು ಬೇಕು, ನಟರು ಬೇಕು, ಎರಡೂ ಒಂದೇ ಥರ ಕಂಡಿತು, ಹೋದ. ಅಮೆರಿಕನ್ ನೀಗ್ರೊ ಥಿಯೇಟರ್ ಅಂತ ಆ ತಂಡದ ಹೆಸರು, ಅಲ್ಲಿದ್ದವರು ಫ್ರೆಡರಿಕ್ ಓನೀಲ್. ಕೈಗೆ ಪುಸ್ತಕ ಕೊಟ್ಟು ಓದು ಅಂದರು. ಶಾಲೆ ನೋಡಿದ್ದು ಒಂದೆರಡು ವರ್ಷ, ಪದ ಪದಕ್ಕೂ ತಡವರಿಕೆ, ಅದರ ಮೇಲೆ ಬಹಾಮಾಸ್‌ನ ರಾಗದ ಇಂಗ್ಲಿಷ್. ಓನೀಲ್ ಪುಸ್ತಕ ಕಿತ್ತುಕೊಂಡು, ಕಾಲರ್ ಹಿಡಿದು ಬಾಗಿಲ ತನಕ ಎಳೆದುಕೊಂಡು ಹೋಗಿ, ಜನರ ಹೊತ್ತು ಹಾಳು ಮಾಡಬೇಡ, ಹೋಗಿ ಪಾತ್ರೆ ತೊಳೆಯುವ ಕೆಲಸವೋ ಏನೋ ಮಾಡಿಕೋ ಅಂತ ಹೊರಗೆ ತಳ್ಳಿದರು.

ಬೀದಿಯಲ್ಲಿ ನಡೆಯುತ್ತಾ ಹುಡುಗನ ತಲೆಯಲ್ಲಿ ಬಂದ ಪ್ರಶ್ನೆ ಒಂದೇ. ನಾನು ಪಾತ್ರೆ ತೊಳೆಯುವವನು ಅಂತ ಇವರಿಗೆ ಹೇಗೆ ಗೊತ್ತಾಯಿತು? ನಾನು ಹೇಳೇ ಇಲ್ಲವಲ್ಲ!

ಇದನ್ನು ಕೇಳಿದಾಗ ನನ್ನ ಕೈಯಲ್ಲಿ ಹಾಲಿನ ಪಾತ್ರೆ ಇತ್ತು, ತಳವನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದೆ. ಕೈ ನಿಂತಿತು. ನಲ್ಲಿ ನಿಲ್ಲಿಸಿ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಪುಸ್ತಕದಲ್ಲಿ ಓದಿದ್ದರೆ ನಕ್ಕು ಮುಂದೆ ಹೋಗುತ್ತಿದ್ದೆನೋ ಏನೋ. ಎಪ್ಪತ್ತು ದಾಟಿದ ಆ ದಪ್ಪ ದನಿಯಲ್ಲಿ, ಒಂದು ಚೂರೂ ಕಹಿ ಇಲ್ಲದೆ, ಬೇರೆ ಯಾವನೋ ಹುಡುಗನ ಕಥೆ ಹೇಳುವ ಹಾಗೆ ಹೇಳುತ್ತಾರೆ ನೋಡಿ, ಅದು ಬೇರೆ ಥರ ತಾಗುತ್ತದೆ.

ನಾನು ಮಂಡ್ಯ ಕಡೆಯವನು. ಚಿಕ್ಕವನಿದ್ದಾಗ ನನ್ನ ಬಾಯಲ್ಲಿ ಹಾಲು ‘ಆಲು’ ಆಗುತ್ತಿತ್ತು, ಸರಿಮಾಡಿಕೊಳ್ಳಲು ಹೋಗಿ ಅಕ್ಕಿ ‘ಹಕ್ಕಿ’ ಆಗುತ್ತಿತ್ತು. ಶಾಲೆಯ ನಾಟಕಕ್ಕೆ ಆರಿಸುವಾಗ ನನ್ನ ಡೈಲಾಗ್ ಕೇಳಿ ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಈಟಿ ಹಿಡಿದ ದ್ವಾರಪಾಲಕನ ಪಾತ್ರ ಕೊಟ್ಟರು. ಮಾತಿಲ್ಲ, ನಿಂತರಾಯಿತು. ನಾನು ನಿಂತೆ, ಅಷ್ಟೇ. ಮತ್ತೆ ಯಾವತ್ತೂ ಸ್ಟೇಜ್ ಹತ್ತಲಿಲ್ಲ. ಪ್ವಾಟಿಯೇ ಏನು ಮಾಡಿದರು ಗೊತ್ತಾ? ಒಂದು ಅಗ್ಗದ ರೇಡಿಯೊ ಕೊಂಡರು. ಆರು ತಿಂಗಳು ಅದರ ಮುಂದೆ ಕೂತು, ನಾರ್ಮನ್ ಬ್ರೋಕನ್‌ಶೈರ್ ಅನ್ನುವ ಅನೌನ್ಸರ್ ಏನು ಹೇಳಿದರೂ ಅದನ್ನೇ ಹಿಂದಿನಿಂದ ಹೇಳಿದರು. ಸುದ್ದಿ, ಜಾಹೀರಾತು, ಯಾವುದನ್ನೂ ಬಿಟ್ಟಿಲ್ಲ. ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಅಂತ. ಆಮೇಲೆ ಅದೇ ಥಿಯೇಟರಿಗೆ ವಾಪಸ್ ಹೋಗಿ, ಪಾಠ ಹೇಳಿಕೊಟ್ಟರೆ ಕಸ ಗುಡಿಸುತ್ತೇನೆ ಅಂತ ಸೇರಿಕೊಂಡರು.

ಅಂದರೆ ನಾವು ಸಿನಿಮಾಗಳಲ್ಲಿ ಕೇಳಿರುವ ಆ ದನಿ, ಪ್ರತಿ ಪದವನ್ನೂ ಕತ್ತರಿಸಿ ಜೋಡಿಸಿದ ಹಾಗೆ ಇರುವ ಆ ಇಂಗ್ಲಿಷ್, ಅದು ಹುಟ್ಟಿನಿಂದ ಬಂದದ್ದಲ್ಲ. ಕೂತು ಕಟ್ಟಿಕೊಂಡದ್ದು.

ಒಂದು ರಾತ್ರಿ ಇಯರ್‌ಫೋನ್ ಚಾರ್ಜ್ ಮುಗಿದು ಫೋನಿನ ಸ್ಪೀಕರ್‌ನಲ್ಲೇ ಹಾಕಿದ್ದೆ. ನೀರು ಕುಡಿಯಲು ಬಂದ ಮಗ ಒಂದು ನಿಮಿಷ ಕೇಳಿಸಿಕೊಂಡು, ‘ಅಪ್ಪಾ, ಇದೇನು ರೇಡಿಯೊ ನ್ಯೂಸಾ?’ ಅಂದ. ಏನೂ ಗೊತ್ತಿಲ್ಲದ ಹತ್ತನೇ ಕ್ಲಾಸ್ ಹುಡುಗ ಸರಿಯಾಗಿ ಗುರುತು ಹಿಡಿದಿದ್ದ.

ಓದಲು ಕಲಿತ ಕಥೆ ಇನ್ನೂ ಚೆನ್ನಾಗಿದೆ. 1992ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀವಮಾನ ಪ್ರಶಸ್ತಿ ಕೊಟ್ಟಾಗ ವೇದಿಕೆ ಮೇಲೆ ನಿಂತು ಈ ಮನುಷ್ಯ ನೆನೆದವರಲ್ಲಿ ಒಬ್ಬ ಮುದುಕ ವೇಟರ್. ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಹೋಟೆಲಿನಲ್ಲಿ ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಅಡುಗೆಮನೆ ಬಾಗಿಲ ಹತ್ತಿರದ ಮೇಜಿನಲ್ಲಿ ವೇಟರ್‌ಗಳು ಕೂರುತ್ತಿದ್ದರು. ಅವರಲ್ಲಿ ಒಬ್ಬರು, ಯಹೂದಿ ಮುದುಕರು, ಪೇಪರ್ ಹಿಡಿದಿದ್ದ ಈ ಹುಡುಗನನ್ನು ಇವತ್ತು ಏನು ಸುದ್ದಿ ಅಂತ ಕೇಳಿದರು. ನನಗೆ ಸರಿಯಾಗಿ ಓದಲು ಬರುವುದಿಲ್ಲ ಅಂದ ಹುಡುಗ. ಹಾಗಾದರೆ ನಿನ್ನ ಜೊತೆ ನಾನು ಓದಲಾ ಅಂದರು ಅವರು. ಅವತ್ತಿಂದ ಪ್ರತಿ ರಾತ್ರಿ ಕೆಲಸ ಮುಗಿದ ಮೇಲೆ ಪಾಠ. ಪದಗಳಷ್ಟೇ ಅಲ್ಲ. ಕಾಮಾ ಅಂದರೆ ಏನು, ಅದು ಯಾಕಿದೆ, ಫುಲ್‌ಸ್ಟಾಪ್ ಯಾಕೆ, ಉದ್ದ ಪದವನ್ನು ಹೇಗೆ ತುಂಡು ಮಾಡಿ ಹೇಳಬೇಕು, ಎಲ್ಲ.

ಇದು ತಲೆಯಲ್ಲಿಟ್ಟುಕೊಂಡು ಈ ಆಡಿಯೊ ಕೇಳಿ. ಅವರು ಕಾಮಾ ಇರುವ ಕಡೆ ನಿಲ್ಲುತ್ತಾರೆ. ನಿಜವಾಗಿಯೂ ನಿಲ್ಲುತ್ತಾರೆ. ಈಗಿನವರು ಓದುವ ಹಾಗೆ ಉಸಿರಿಗೋಸ್ಕರ ನಿಲ್ಲುವುದಲ್ಲ, ಆ ಚಿಹ್ನೆಗೆ ಅದರ ಪಾಲು ಕೊಟ್ಟು ಮುಂದೆ ಹೋಗುವುದು. ಅಮ್ಮನ ಬಗ್ಗೆ ಹೇಳುವಾಗ ಆ ನಿಲುಗಡೆ ಇನ್ನೂ ಸ್ವಲ್ಪ ಉದ್ದ ಆಗುತ್ತದೆ. ದ್ವೀಪದ ಮಾತು ಬಂದಾಗ ಎಲ್ಲೋ ಒಂದೊಂದು ಪದದ ಕೊನೆಯಲ್ಲಿ ಹಳೆಯ ರಾಗ ಇಣುಕುತ್ತದೆ, ಆರು ತಿಂಗಳು ರೇಡಿಯೊ ಮುಂದೆ ಕೂತು ಉಜ್ಜಿ ಉಜ್ಜಿ ತೆಗೆದದ್ದು ಪೂರ್ತಿ ಹೋಗಿಲ್ಲ. ಓದಲು ಬಾರದು ಅಂತ ಹೊರಗೆ ತಳ್ಳಿಸಿಕೊಂಡವರು 2001ರಲ್ಲಿ ಇದೇ ಓದಿಗೆ ಗ್ರ್ಯಾಮಿ ಪ್ರಶಸ್ತಿ ತೆಗೆದುಕೊಂಡರು.

ಸಿನಿಮಾ ಕಥೆಗಳು ಎಷ್ಟಿವೆ ಅಂತ ಕೇಳುವವರಿಗೆ: ಇವೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಶೂಟಿಂಗ್ ಗಾಸಿಪ್‌ಗೋಸ್ಕರ ಕೊಳ್ಳಬೇಡಿ. ನನಗೆ ಬೇಕಾಗಿದ್ದ ‘ಲಿಲೀಸ್ ಆಫ್ ದ ಫೀಲ್ಡ್’ ಬಗ್ಗೆ ಇನ್ನಷ್ಟು ಇರಬೇಕಿತ್ತು. ಅರಿಝೋನಾದಲ್ಲಿ 14 ದಿನದಲ್ಲಿ ತೆಗೆದ ಬಡ ಚಿತ್ರ ಅದು, ನಿರ್ದೇಶಕ ರಾಲ್ಫ್ ನೆಲ್ಸನ್ ಮನೆಯನ್ನೇ ಅಡ ಇಟ್ಟಿದ್ದರು.

ಇರುವುದರಲ್ಲಿ ಎರಡು ಭಾಗ ಬಂಗಾರ. ಒಂದು, ಮಾಡದೇ ಬಿಟ್ಟ ಪಾತ್ರದ್ದು. ಐವತ್ತರ ದಶಕ, ಕೈಯಲ್ಲಿ ಕಾಸಿಲ್ಲ, ಹೆಂಡತಿಗೆ ಹೆರಿಗೆ ಹತ್ತಿರ. ವಾರಕ್ಕೆ 750 ಡಾಲರ್‌ನ ಒಂದು ಪಾತ್ರ ಬಂತು. ಕಟ್ಟಡ ಗುಡಿಸಿ ಒರೆಸುವ ಕೆಲಸದವನೊಬ್ಬ, ಒಂದು ಅಪರಾಧ ಕಣ್ಣಾರೆ ನೋಡಿದ್ದಾನೆ, ಬಾಯಿ ಮುಚ್ಚಿಸಲು ದುಷ್ಟರು ಅವನ ಪುಟ್ಟ ಮಗಳನ್ನು ಕೊಂದು ಮನೆ ಅಂಗಳಕ್ಕೆ ಎಸೆಯುತ್ತಾರೆ, ಅವನು ಏನೂ ಮಾಡುವುದಿಲ್ಲ. ಪ್ವಾಟಿಯೇ ಒಲ್ಲೆ ಅಂದರು. ಯಾಕೆ ಅಂತ ಏಜೆಂಟ್ ಮಾರ್ಟಿ ಬಾಮ್ ಕೇಳಿದರೆ ಆಗ ಕಾರಣವನ್ನೂ ಹೇಳಲಿಲ್ಲ. ಹೊರಗೆ ಬಂದು ಮನೆಯ ಮೇಜು ಕುರ್ಚಿಗಳ ಮೇಲೆ 75 ಡಾಲರ್ ಸಾಲ ತೆಗೆದು ಆಸ್ಪತ್ರೆಯ ಬಿಲ್ ಕಟ್ಟಿದರು. ಕಾರಣ ಏನೆಂದರೆ ಅಪ್ಪ ರೆಜಿನಾಲ್ಡ್. ನನ್ನ ಅಪ್ಪ ಆ ಜಾಗದಲ್ಲಿದ್ದರೆ ಸುಮ್ಮನೆ ಕೂರುತ್ತಿರಲಿಲ್ಲ, ಹಾಗಾಗಿ ಕೂರುವವನ ಪಾತ್ರ ನಾನು ಮಾಡುವುದಿಲ್ಲ. ಇಂಥ ತಲೆಕೆಟ್ಟವನಿಗೆ ನಾನೇ ಏಜೆಂಟ್ ಆಗಬೇಕು ಅಂದರಂತೆ ಬಾಮ್. ಪುಸ್ತಕದ ಹೆಸರೂ ಅಪ್ಪನ ಮಾತಿನಿಂದಲೇ ಬಂದದ್ದು, ಮಕ್ಕಳನ್ನು ಹೇಗೆ ಸಾಕಿದ ಅನ್ನುವುದೇ ಗಂಡಸಿನ ಅಳತೆ ಅಂತ.

ಇನ್ನೊಂದು ಭಾಗ ಅಮ್ಮನದು. 1950ರ ‘ನೋ ವೇ ಔಟ್’ ಅವರ ಮೊದಲ ದೊಡ್ಡ ಚಿತ್ರ, ಡಾಕ್ಟರ್ ಪಾತ್ರ. ಅಷ್ಟು ಹೊತ್ತಿಗೆ ಮನೆ ಬಿಟ್ಟು ಎಂಟು ವರ್ಷ. ಕಳಿಸಲು ದುಡ್ಡಿಲ್ಲದೆ ಬರೀ ಕಾಗದ ಹೇಗೆ ಹಾಕುವುದು ಅಂತ ಕಾಗದವನ್ನೂ ಹಾಕದೆ ಕೂತವರು (ಈ ನಾಚಿಕೆ ಊರು ಬಿಟ್ಟು ದುಡಿಯಲು ಹೋದವರಿಗೆ ಚೆನ್ನಾಗಿ ಗೊತ್ತು). ಅಪ್ಪ ಅಮ್ಮ ಜೀವನದಲ್ಲಿ ನೋಡಿದ ಮೊದಲ ಸಿನಿಮಾ ಅದೇ. ಕೊನೆಯ ಕಡೆ ರಿಚರ್ಡ್ ವಿಡ್‌ಮಾರ್ಕ್ ಪಿಸ್ತೂಲಿನಿಂದ ಮಗನನ್ನು ಬಡಿಯುವ ದೃಶ್ಯ ಬಂದಾಗ ಎವ್ಲಿನಮ್ಮ ಟಾಕೀಸಿನಲ್ಲೇ ಎದ್ದು ನಿಂತು ಕೂಗಿದರಂತೆ, ತಿರುಗಿಸಿ ಹೊಡಿ ಸಿಡ್ನಿ, ನೀನೇನು ಮಾಡಿದ್ದೀಯ ಅವನಿಗೆ, ಹೊಡಿ ಅಂತ.

ಹದಿನೇಳು ವರ್ಷ ಆದ ಮೇಲೆ ಹೊಡೆದರು. 1967ರ ‘ಇನ್ ದ ಹೀಟ್ ಆಫ್ ದ ನೈಟ್’ ನೋಡಿದವರಿಗೆ ಗೊತ್ತು. ಆರ್ಕಿಡ್ ಹೂಗಳ ಗಾಜಿನ ಮನೆ, ಬಿಳಿ ಜಮೀನ್ದಾರ, ಫಿಲಡೆಲ್ಫಿಯಾದಿಂದ ಬಂದ ಕಪ್ಪು ಪೊಲೀಸ್ ಅಧಿಕಾರಿ ವರ್ಜಿಲ್ ಟಿಬ್ಸ್. ಜಮೀನ್ದಾರ ಕೆನ್ನೆಗೆ ಹೊಡೆಯುತ್ತಾನೆ, ಟಿಬ್ಸ್ ಅರೆ ಕ್ಷಣವೂ ತಡೆಯದೆ ವಾಪಸ್ ಕೊಡುತ್ತಾನೆ. ಈ ಏಟು ಮೊದಲು ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ನಾನು ಹಟ ಹಿಡಿದು ಸೇರಿಸಿದೆ ಅಂತ ಪ್ವಾಟಿಯೇ ಹೇಳುತ್ತಾರೆ. ಚಿತ್ರದ ನಿರ್ದೇಶಕರ ಕಡೆಯವರು ಅದು ಮೊದಲಿಂದಲೂ ಇತ್ತು ಅಂತಾರೆ. ಯಾರದು ಸರಿ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆ ಕೈಯ ವೇಗ ನೋಡಿದರೆ ಅಮ್ಮನ ಕೂಗು ಕಿವಿಯಲ್ಲಿ ಇತ್ತು ಅಂತಲೇ ನನಗೆ ಅನ್ನಿಸಿತು. ಇದು ಪುಸ್ತಕದಲ್ಲಿ ಜೋಡಿಸಿ ಹೇಳಿದ್ದಲ್ಲ, ಎರಡು ರಾತ್ರಿ ಪಾತ್ರೆ ತೊಳೆಯುವಾಗ ನನ್ನ ತಲೆಯಲ್ಲಿ ಕೂಡಿಕೊಂಡದ್ದು.

ಅಂದ ಹಾಗೆ ಕಥೆ ಮಿಸಿಸಿಪಿಯಲ್ಲಿ ನಡೆದರೂ ಶೂಟಿಂಗ್ ಬಹುಪಾಲು ಇಲಿನಾಯ್ ರಾಜ್ಯದಲ್ಲಿ ಆಯಿತು. ದಕ್ಷಿಣಕ್ಕೆ ಬರುವುದಿಲ್ಲ ಅಂದಿದ್ದರು ಪ್ವಾಟಿಯೇ. ಹೆದರಿಕೆಗೆ ಕಾರಣ ಇತ್ತು. 1964ರಲ್ಲಿ ಅವರೂ ಗೆಳೆಯ, ಗಾಯಕ ಹ್ಯಾರಿ ಬೆಲಫಾಂಟೆಯೂ ಮತದಾನದ ಹಕ್ಕಿನ ಚಳವಳಿಯ ಹುಡುಗರಿಗೆ 70,000 ಡಾಲರ್ ನಗದು ಹೊತ್ತುಕೊಂಡು ಮಿಸಿಸಿಪಿಯ ಗ್ರೀನ್‌ವುಡ್‌ಗೆ ಹೋಗಿದ್ದರು. ರಾತ್ರಿ ವಿಮಾನ ಇಳಿದು ಕಾರು ಹತ್ತಿದ ಕೂಡಲೇ ಕ್ಲಾನ್‌ನವರ ಟ್ರಕ್ಕುಗಳು ಹಿಂದೆ ಬಿದ್ದವು.

ಈಗ ತಕರಾರು. ಎರಡನೇ ಅರ್ಧದಲ್ಲಿ ಪುಸ್ತಕ ಪ್ರವಚನದ ಕಡೆ ವಾಲುತ್ತದೆ. ಬ್ರಹ್ಮಾಂಡ, ದೇವರು, ಒಳ್ಳೆಯದು ಕೆಟ್ಟದ್ದು, ಈ ಕಾಲದ ಮಕ್ಕಳಿಗೆ ಎಲ್ಲವೂ ಸುಲಭಕ್ಕೆ ಸಿಗುತ್ತದೆ ಅನ್ನುವ ದೂರು. ದನಿ ಚೆನ್ನಾಗಿದೆ ಅಂತ ಕೇಳಿಸಿಕೊಂಡೆ, ಅಚ್ಚಿನಲ್ಲಿ ಆಗಿದ್ದರೆ ಪುಟ ಹಾರಿಸುತ್ತಿದ್ದೆ. ಇಸವಿಯ ಸರಣಿಯಲ್ಲಿ ಕಥೆ ಬೇಕು ಅನ್ನುವವರಿಗೂ ಕಿರಿಕಿರಿ ಆಗುತ್ತದೆ, ಜಗಲಿ ಮೇಲೆ ಕೂತ ಅಜ್ಜನ ಮಾತಿನ ಹಾಗೆ ಹಿಂದೆ ಮುಂದೆ ಹೋಗುತ್ತಲೇ ಇರುತ್ತದೆ. ಮೊದಲ ಮದುವೆ ಮುರಿದದ್ದನ್ನು, ಇನ್ನೊಬ್ಬ ನಟಿಯ ಜೊತೆಗಿದ್ದ ವರ್ಷಗಳನ್ನು ಮರೆಮಾಚಿಲ್ಲ, ಆದರೆ ಅಲ್ಲಿ ತನ್ನ ಒಳಗಿನ ತೊಳಲಾಟವೇ ಜಾಸ್ತಿ, ಮನೆಯಲ್ಲಿದ್ದವರ ಪಾಡು ಕಡಿಮೆ.

ಅವರ ಮೇಲಿದ್ದ ದೊಡ್ಡ ಟೀಕೆಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. 1967ರ ಸೆಪ್ಟೆಂಬರ್‌ನಲ್ಲಿ ಕ್ಲಿಫರ್ಡ್ ಮೇಸನ್ ಅನ್ನುವ ಕಪ್ಪು ನಾಟಕಕಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನ, ಬಿಳಿ ಅಮೆರಿಕಕ್ಕೆ ಇವರನ್ನು ಕಂಡರೆ ಯಾಕಿಷ್ಟು ಪ್ರೀತಿ ಅಂತ. ಪ್ರಶ್ನೆ ಸುಳ್ಳಲ್ಲ. ಅದೇ ವರ್ಷ ಬಂದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ನೋಡಿ. ಬಿಳಿ ಹುಡುಗಿಯನ್ನು ಮದುವೆ ಆಗಲು ಬಂದ ಕಪ್ಪು ಗಂಡಿನಲ್ಲಿ ಒಂದೇ ಒಂದು ಕುಂದು ಇಲ್ಲ. ಜಗತ್ತಿಗೇ ಹೆಸರಾದ ಡಾಕ್ಟರ್. ಇಬ್ಬರ ಮುತ್ತು ಕೂಡ ಟ್ಯಾಕ್ಸಿಯ ಕನ್ನಡಿಯಲ್ಲಿ ಕಾಣುತ್ತದೆ, ನೇರವಾಗಿ ಅಲ್ಲ. ಆ ಚಿತ್ರದ ಕೆಲಸ ನಡೆಯುವ ಹೊತ್ತಿಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧ, ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ಹೊಡೆದುಹಾಕಿದ್ದು 1967ರ ಜೂನ್ 12ರಂದು. ಅದಕ್ಕೂ ಮುಂಚೆ, 1958ರ ‘ದ ಡಿಫೈಯಂಟ್ ಒನ್ಸ್’ ಕೊನೆಯಲ್ಲಿ ಜೊತೆಗೆ ಜೈಲಿನಿಂದ ತಪ್ಪಿಸಿಕೊಂಡ ಬಿಳಿ ಗೆಳೆಯನಿಗೋಸ್ಕರ ಇವರು ಓಡುವ ರೈಲಿನಿಂದ ಜಿಗಿದಾಗ ಬಿಳಿ ಪ್ರೇಕ್ಷಕರು ಕರಗಿದರು, ಹಾರ್ಲೆಮ್‌ನ ಜನ ಮಾತ್ರ ರೈಲು ಹತ್ತೋ ದಡ್ಡ ಅಂತ ಪರದೆಗೆ ಕೂಗಿದರು ಅಂತ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಬರೆದಿದ್ದಾರೆ. ನನಗಂತೂ ಹಾರ್ಲೆಮ್‌ನವರ ಜೊತೆ ಕೂಗಬೇಕು ಅನ್ನಿಸಿತ್ತು.

ಪುಸ್ತಕದಲ್ಲಿ ಅವರು ಕೊಡುವ ಉತ್ತರ ನನಗೆ ಅರ್ಧ ಒಪ್ಪಿಗೆ. ಆಗ ಹಾಲಿವುಡ್‌ನಲ್ಲಿ ಮುಖ್ಯ ಪಾತ್ರ ಸಿಗುತ್ತಿದ್ದ ಕಪ್ಪು ನಟ ಅಂದರೆ ಹೆಚ್ಚುಕಮ್ಮಿ ಇವರೊಬ್ಬರೇ, ಎಲ್ಲರ ಭಾರವೂ ಇವರ ತಲೆ ಮೇಲೆ. ಒಂದು ಪಾತ್ರದಲ್ಲಿ ಕಾಲು ಜಾರಿದರೂ ಇಡೀ ಜನ ಜಾರಿದರು ಅನ್ನುತ್ತಿದ್ದರು. ಅದೆಲ್ಲ ನಿಜ. ಆದರೆ ಟೀಕೆ ಮಾಡಿದವರಿಗೆ ಬೇಕಿದ್ದದ್ದು ಇನ್ನೂ ಒಳ್ಳೆಯ ಮನುಷ್ಯ ಅಲ್ಲ, ಸ್ವಲ್ಪ ಕೆಟ್ಟವನೂ ಆಗಬಲ್ಲ ಮನುಷ್ಯ. ಆ ಮಾತಿನ ಹತ್ತಿರ ಹತ್ತಿರ ಬಂದು ಪಕ್ಕಕ್ಕೆ ಸರಿಯುತ್ತಾರೆ. ಲೇಖನ ಬಂದು 33 ವರ್ಷ ಆಗಿದ್ದರೂ ಅಲ್ಲಿ ಆ ದನಿ ಚೂರು ಬಿಗಿಯಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ. ಅದೂ ಅಚ್ಚಿನಲ್ಲಿ ಸಿಗುವುದಿಲ್ಲ.

2000ದ ಪುಸ್ತಕ ಆದ್ದರಿಂದ 2002ರ ಮಾರ್ಚ್ 24ರ ರಾತ್ರಿ ಇದರಲ್ಲಿ ಇಲ್ಲ. ಅವತ್ತು ಪ್ವಾಟಿಯೇಗೆ ಗೌರವ ಆಸ್ಕರ್, ಅದೇ ರಾತ್ರಿ ಡೆನ್ಝೆಲ್ ವಾಷಿಂಗ್ಟನ್ ಶ್ರೇಷ್ಠ ನಟ, ಹ್ಯಾಲಿ ಬೆರಿ ಶ್ರೇಷ್ಠ ನಟಿ. ಶ್ರೇಷ್ಠ ನಟ ಆಸ್ಕರ್ ಇನ್ನೊಬ್ಬ ಕಪ್ಪು ನಟನಿಗೆ ಹೋಗಲು 38 ವರ್ಷ ಬೇಕಾಗಿತ್ತು. ಡೆನ್ಝೆಲ್ ಗೆದ್ದದ್ದು ಲಂಚಕೋರ ಪೊಲೀಸಿನ ಪಾತ್ರಕ್ಕೆ ಅನ್ನುವುದನ್ನು ಮೇಲಿನ ಪ್ಯಾರಾದ ಜೊತೆ ಇಟ್ಟು ನೋಡಿ. ಅದೆಲ್ಲ ಬೇಕು ಅಂದರೆ 2022ರಲ್ಲಿ ಬಂದ ‘ಸಿಡ್ನಿ’ ಡಾಕ್ಯುಮೆಂಟರಿ ಆಪಲ್ ಟಿವಿಯಲ್ಲಿದೆ (ಆಗಿನ ಹೆಸರು ಆಪಲ್ ಟಿವಿ ಪ್ಲಸ್), ರೆಜಿನಾಲ್ಡ್ ಹಡ್ಲಿನ್ ನಿರ್ದೇಶನ, ಓಪ್ರಾ ವಿನ್‌ಫ್ರೀ ನಿರ್ಮಾಣ. ಮೊದಲ ಹೆಂಡತಿಯೂ ಹೆಣ್ಣುಮಕ್ಕಳೂ ಅದರಲ್ಲಿ ಮಾತಾಡುತ್ತಾರೆ, ಪುಸ್ತಕದ ಆ ಕೊರತೆ ಅಲ್ಲಿ ಸ್ವಲ್ಪ ತುಂಬುತ್ತದೆ. ನಿರ್ದೇಶಕರಾಗಿ ಅವರು ಮಾಡಿದ್ದೂ ಅದರಲ್ಲಿದೆ. ಗಂಭೀರ ಮುಖದ ಈ ಮನುಷ್ಯ 1980ರಲ್ಲಿ ‘ಸ್ಟರ್ ಕ್ರೇಜಿ’ ಅನ್ನುವ ಹಾಸ್ಯ ಚಿತ್ರ ನಿರ್ದೇಶಿಸಿ 10 ಕೋಟಿ ಡಾಲರ್ ದಾಟಿಸಿದರು, ಕಪ್ಪು ನಿರ್ದೇಶಕರ ಚಿತ್ರ ಆ ಗೆರೆ ದಾಟಿದ್ದು ಅದೇ ಮೊದಲು. ಆದರೂ ಎರಡರಲ್ಲಿ ಒಂದೇ ಆರಿಸು ಅಂದರೆ ನಾನು ಆಡಿಯೊ ಅಂತೀನಿ. ಅಲ್ಲಿ ಹತ್ತು ಜನ ಅವರನ್ನು ಹೊಗಳುತ್ತಾರೆ, ಇಲ್ಲಿ ಒಬ್ಬರೇ ಕೂತು ನೆನಪು ಮಾಡಿಕೊಳ್ಳುತ್ತಾರೆ.

ಆ್ಯಪ್ ಬಗ್ಗೆ ಎರಡು ಮಾತು. ಯಾವುದು ಅಂತ ಹೇಳುವುದಿಲ್ಲ, ನನ್ನ ಫೋನ್ ಹಳೆಯದೂ ಇರಬಹುದು. ಡೌನ್‌ಲೋಡ್ ಮಾಡಿದ್ದ ಪುಸ್ತಕ ಎರಡು ಸಲ ಮಾಯ ಆಯಿತು, ಒಂದು ಸಲ ಒಂಬತ್ತನೇ ಅಧ್ಯಾಯದಲ್ಲಿ ನಿಲ್ಲಿಸಿದ್ದವನನ್ನು ಮರುದಿನ ಸೀದಾ ಟೊಮೇಟೊ ತೋಟಕ್ಕೆ ತಂದು ಬಿಟ್ಟಿತು. ಒದ್ದೆ ಕೈಯಲ್ಲಿ ಸ್ಕ್ರೀನ್ ಉಜ್ಜಿ ಉಜ್ಜಿ ಜಾಗ ಹುಡುಕುವ ಕಷ್ಟ ಯಾರಿಗೂ ಬೇಡ, ಎಲ್ಲಿ ನಿಲ್ಲಿಸಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೊಳ್ಳುವ ಮುಂಚೆ ಇನ್ನೊಂದು ನೋಡಿಕೊಳ್ಳಿ, ಪೂರ್ತಿ ಪುಸ್ತಕವಾ, ಕತ್ತರಿಸಿ ಚಿಕ್ಕದು ಮಾಡಿದ್ದಾ ಅಂತ. ಮಾದರಿ ತುಣುಕು ಪುಕ್ಕಟೆ ಇರುತ್ತದೆ, ಮೊದಲು ಅದನ್ನು ಕೇಳಿ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಅಂತ ಹಿಂಜರಿಯುವವರೂ ತಗೊಳ್ಳಬಹುದು. ಅಷ್ಟು ಬಿಡಿಸಿ ಬಿಡಿಸಿ ಓದುವವರನ್ನು ನಾನು ಇನ್ನೊಬ್ಬರನ್ನು ಕೇಳಿಲ್ಲ.

ಮೂರು ವಾರ ಕಳೆದು ಅಕ್ಕ ವಾಪಸ್ ಬಂದಾಗ ನನಗಿನ್ನೂ ಎರಡು ಅಧ್ಯಾಯ ಬಾಕಿ ಇತ್ತು. ರಾತ್ರಿ ಪಾತ್ರೆ ಹಾಗೇ ಬಿಡಿ, ನಾನೇ ತೊಳೆಯುತ್ತೇನೆ ಅಂದೆ. ಏನೋ ತಪ್ಪು ಮಾಡಿ ಬಂದಿದ್ದಾನೆ ಅನ್ನುವ ಹಾಗೆ ಹೆಂಡತಿ ನೋಡಿದಳು. ಬೇಗ ಮುಗಿಯಲಿ ಅಂತ ಅವತ್ತು ಒಂದು ಸಲ ವೇಗ 1.25ಕ್ಕೆ ಏರಿಸಿ ನೋಡಿದೆ. ಕಾಮಾಗಳೆಲ್ಲ ಹೋದವು. ವಾಪಸ್ 1ಕ್ಕೆ ಇಳಿಸಿ, ಕುಕ್ಕರ್ ಗ್ಯಾಸ್ಕೆಟ್ ಬಿಚ್ಚಿ ಅದನ್ನೂ ತೊಳೆದೆ.